1930ರ ದಶಕದ ಅಮೆರಿಕನ್ ನಾಟಕ ಪೋಸ್ಟರ್‌ಗಳು: ಬ್ಲೇಡ್ ಹಿಡಿದ ಮೇಲೆ ಸಿಕ್ಕ ಬಣ್ಣ

ಅಮೆರಿಕ ಸರ್ಕಾರದ ನಾಟಕ ಯೋಜನೆಯಾಗಿದ್ದ ಫೆಡರಲ್ ಥಿಯೇಟರ್ ಪ್ರಾಜೆಕ್ಟ್‌ನ ಪೋಸ್ಟರ್‌ಗಳನ್ನು ಸ್ಕ್ರೀನ್ ಪ್ರಿಂಟಿಂಗ್‌ನಲ್ಲೇ ಹೊಡೆಯುತ್ತೇನೆ, ಅದೂ ಕೈಯಲ್ಲಿ ಫಿಲ್ಮ್ ಕತ್ತರಿಸಿ ಅಂದಾಗ ಸುಲ್ತಾನ್‌ಪೇಟೆಯ ಅಚ್ಚು ಕೆಲಸದ ಗೆಳೆಯರಲ್ಲಿ ಒಬ್ಬರೂ ಒಪ್ಪಲಿಲ್ಲ. 'ಡಿಜಿಟಲ್‌ನಲ್ಲಿ ಇನ್ನೂರು ರೂಪಾಯಿಗೆ ಬರುತ್ತೆ, ಸುಮ್ನೆ ಯಾಕೆ ಒದ್ದಾಟ' ಎಂದರು. ಈಗ ಅವರೇ ಹಾಳೆಯನ್ನು ಬೆಳಕಿಗೆ ಓರೆ ಹಿಡಿದು, ಇಂಕ್ ಮೇಲೆ ಬೆರಳಾಡಿಸಿ, ಹೇಗೆ ಮಾಡಿದೆ ಅಂತ ಕೇಳುತ್ತಿದ್ದಾರೆ. ಹಾಗಾಗಿ ಬರೆಯುತ್ತಿದ್ದೇನೆ. ಸ್ಕ್ರೀನ್ ಪ್ರಿಂಟಿಂಗ್ ಎಂದರೆ ಚೌಕಟ್ಟಿಗೆ ಬಿಗಿದ ಜಾಲರಿ ಬಟ್ಟೆಯ ತೂತುಗಳ ಮೂಲಕ ಬೇಕಾದ ಕಡೆ ಮಾತ್ರ ಇಂಕ್ ಇಳಿಸುವುದು, ಬಣ್ಣಕ್ಕೊಂದು ಸ್ಕ್ರೀನ್. ಸ್ಕ್ರೀನ್ ತಯಾರಿಸುವ ವಿವರ ಅಚ್ಚಿನವರಿಗೆ ಗೊತ್ತಿರುವುದೇ, ಅದನ್ನು ಬಿಡುತ್ತೇನೆ.

ಹಿನ್ನೆಲೆ ಎರಡು ಮಾತಿನಲ್ಲಿ. 1935ರಲ್ಲಿ, ಮಹಾ ಆರ್ಥಿಕ ಕುಸಿತದ ಹೊತ್ತಿನಲ್ಲಿ, ಕೆಲಸ ಹೋದ ನಟರಿಗೂ ರಂಗಕರ್ಮಿಗಳಿಗೂ ರೂಸ್‌ವೆಲ್ಟ್ ಸರ್ಕಾರ ಸಂಬಳ ಕೊಟ್ಟು ನಾಟಕ ಮಾಡಿಸಿತು. ಹ್ಯಾಲಿ ಫ್ಲಾನಗನ್ ಅದರ ಮುಖ್ಯಸ್ಥೆ. 1939ರ ಜೂನ್ ಕೊನೆಗೆ ಅಲ್ಲಿನ ಸಂಸತ್ತಾದ ಕಾಂಗ್ರೆಸ್ ಹಣ ನಿಲ್ಲಿಸಿತು, ಯೋಜನೆ ಮುಗಿಯಿತು. ಪೋಸ್ಟರ್ ಬರೆದವರೂ ಸರ್ಕಾರದ ಸಂಬಳದಲ್ಲಿದ್ದ ಕಲಾವಿದರೇ. ನ್ಯೂಯಾರ್ಕಿನ ಪೋಸ್ಟರ್ ವಿಭಾಗದಲ್ಲಿ ಮೊದಮೊದಲು ಒಂದೊಂದನ್ನೂ ಕೈಯಲ್ಲೇ ಬಣ್ಣ ಹಚ್ಚುತ್ತಿದ್ದರು. ಅಲ್ಲಿಗೆ ಸಿಲ್ಕ್ ಸ್ಕ್ರೀನ್ ತಂದವರು ಆಂಥೊನಿ ವೆಲೊನಿಸ್. ನನ್ನ ಮಟ್ಟಿಗೆ ನಮ್ಮ ಕಸುಬಿನ ದೊಡ್ಡ ಗುರು ಅವರು. ನಾಟಕವಷ್ಟೇ ಅಲ್ಲ, ಆರೋಗ್ಯ, ಪ್ರವಾಸ, ಶಿಕ್ಷಣ ಎಲ್ಲ ಸೇರಿ ದೇಶದಾದ್ಯಂತ ಸುಮಾರು 35,000 ಡಿಸೈನ್, 20 ಲಕ್ಷ ಪ್ರತಿ ಅಚ್ಚಾದವು ಎಂಬ ಅಂದಾಜಿದೆ. ಉಳಿದದ್ದು ಎರಡು ಸಾವಿರದಷ್ಟು. ಅದರಲ್ಲಿ 900ಕ್ಕೂ ಹೆಚ್ಚು ಅಮೆರಿಕದ ದೊಡ್ಡ ಸರ್ಕಾರಿ ಗ್ರಂಥಾಲಯವಾದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿವೆ. ಒಳ್ಳೆಯ ಸ್ಕ್ಯಾನ್ ಪುಕ್ಕಟೆ ಸಿಗುತ್ತೆ. ನಾನು ಇಳಿಸಿಕೊಂಡವುಗಳ ಮೇಲೆ, ಮರುಮುದ್ರಣಕ್ಕೆ ತಿಳಿದ ನಿರ್ಬಂಧವಿಲ್ಲ ಎಂದೇ ಇದೆ. ನಿಮ್ಮ ಪೋಸ್ಟರ್‌ಗೂ ಆ ಸಾಲು ಇದೆಯೇ ನೋಡಿಯೇ ಮುಂದುವರಿಯಿರಿ.

ಮೊದಲು ಕ್ಯಾನ್ವಾಸ್ ಮೇಲೆ ಇಂಕ್‌ಜೆಟ್ ಮಾಡಿಸಿದೆ. ಆರೇಳು ಸಾವಿರ ಹೋಯಿತು, ಒಂದೂ ಮಾರಾಟವಾಗಲಿಲ್ಲ. ಸ್ಕ್ಯಾನ್‌ನಲ್ಲಿ ಹಳದಿಯಾದ ಕಾಗದ, ಮಡಿಕೆಯ ಗೆರೆ, ಕಲೆ ಎಲ್ಲ ಇರುತ್ತದಲ್ಲ, ಇಂಕ್‌ಜೆಟ್ ಅದನ್ನೂ ನಿಯತ್ತಾಗಿ ಅಚ್ಚು ಹಾಕುತ್ತೆ. ನೋಡಿದವರಿಗೆ ಅದು ಪೋಸ್ಟರ್ ಅಲ್ಲ, ಪೋಸ್ಟರ್‌ನ ಫೋಟೋ. ಆಮೇಲೆ ಸ್ಕ್ರೀನ್‌ನಲ್ಲೇ ನಾಲ್ಕು ಬಣ್ಣದ ಹಾಫ್‌ಟೋನ್, ಅಂದರೆ ಸಣ್ಣ ಚುಕ್ಕಿಗಳಿಂದ ಚಿತ್ರ ಕಟ್ಟುವುದು, ಪ್ರಯತ್ನಿಸಿದೆ. ಅದು ಇನ್ನೂ ಕೆಟ್ಟದಾಯಿತು. ಮೂಲದಲ್ಲಿ ಚುಕ್ಕಿಯೇ ಇಲ್ಲ, ಪೂರ್ತಿ ಸಪಾಟು ಬಣ್ಣ. ಮೂರನೆಯದು ಕಂಪ್ಯೂಟರ್ ಟ್ರೇಸ್, ಅಂದರೆ ಚಿತ್ರದ ಅಂಚುಗಳನ್ನು ಕಂಪ್ಯೂಟರೇ ಗುರುತಿಸಿ ಗೆರೆ ಎಳೆಯುವುದು. ಅದು ಕಾಗದದ ನಾರನ್ನೂ ಅಂಚು ಅಂದುಕೊಂಡಿತು. ಒಂದೊಂದು ಪೋಸ್ಟರ್ ಸ್ವಚ್ಛ ಮಾಡಲು ವಾರ ಹಿಡಿಯಿತು. ಸ್ವಚ್ಛವಾದ ಮೇಲೆ ಅಕ್ಷರಗಳು ಈಗಿನ ಜಾಹೀರಾತಿನಂತೆ ನುಣ್ಣಗಾದವು. ಜೀವವೇ ಇಲ್ಲ.

ಕೊನೆಗೆ ಕೆಲಸ ಮಾಡಿದ್ದು, ಸ್ಕ್ರೀನ್ ಮಾಡುವಾಗ ಬೆಳಕನ್ನು ತಡೆಯುವ ಕೆಂಪು ಮಾಸ್ಕಿಂಗ್ ಫಿಲ್ಮ್ ಮತ್ತು ಬ್ಲೇಡ್. ಆ ಕಾಲದ ಕಲಾವಿದರೂ ಸ್ಟೆನ್ಸಿಲ್ ಅನ್ನು, ಅಂದರೆ ಇಂಕ್ ಇಳಿಯಲು ಜಾಗ ಬಿಡುವ ಅಚ್ಚನ್ನು, ಚಾಕುವಿನಲ್ಲಿ ಕತ್ತರಿಸುತ್ತಿದ್ದರು. ಚಾಕು ತಿರುಗುವ ರೀತಿಯಿಂದಲೇ ಆ ಅಕ್ಷರಗಳ ಮೂಲೆಗೆ ಆ ಗಡಸು ಬಂದದ್ದು. ನಾನು ಸ್ಕ್ಯಾನ್ ಅನ್ನು ಪೂರ್ತಿ ಅಳತೆಗೆ, ಅಂದರೆ ಹೆಚ್ಚಾಗಿ 14x22 ಇಂಚಿಗೆ, ಸಾದಾ ಹಾಳೆಯಲ್ಲಿ ತೆಗೆಸಿ ಕೆಳಗೆ ಇಡುತ್ತೇನೆ. ಮೇಲೆ ಫಿಲ್ಮ್ ಅಂಟಿಸಿ ಬಣ್ಣಕ್ಕೊಂದರಂತೆ ಕತ್ತರಿಸುತ್ತೇನೆ. ಎರಡು ಬಣ್ಣಗಳ ನಡುವೆ ಖಾಲಿ ಗೆರೆ ಕಾಣದಂತೆ ತಿಳಿ ಬಣ್ಣವನ್ನು ಅರ್ಧ ಮಿಲಿಮೀಟರ್‌ನಷ್ಟು ಹೊರಕ್ಕೆ ಬಿಡುತ್ತೇನೆ, ಇದಕ್ಕೆ ಟ್ರ್ಯಾಪ್ ಎನ್ನುತ್ತೇವೆ. ಕಪ್ಪನ್ನು ಕೊನೆಗೆ, ಇದ್ದ ಅಳತೆಗೆ. ಬಾಗು ಗೆರೆಯಲ್ಲಿ ಕೈ ನಿಲ್ಲಿಸಬಾರದು. ಬ್ಲೇಡ್ ಅಲ್ಲೇ ಇರಲಿ, ಹಾಳೆ ತಿರುಗಲಿ. ನಾಲ್ಕು ಬಣ್ಣದ ಒಂದು ಪೋಸ್ಟರ್‌ಗೆ ಮೂರು ನಾಲ್ಕು ಸಂಜೆ ಬೇಕು. ನನ್ನಷ್ಟು ಚೊಕ್ಕವಾಗಿ ಕತ್ತರಿಸುವವರು ಈಗ ಪೇಟೆಯಲ್ಲಿ ಜಾಸ್ತಿ ಇಲ್ಲ, ಹೇಳಿಕೊಳ್ಳಲು ಸಂಕೋಚವಿಲ್ಲ.

ಮೆಶ್, ಅಂದರೆ ಸ್ಕ್ರೀನ್ ಬಟ್ಟೆಯ ನೇಯ್ಗೆ, ಅದರ ವಿಷಯದಲ್ಲೂ ವಾದ ಆಯಿತು. ಸಂಖ್ಯೆ ಕಡಿಮೆಯಾದಷ್ಟೂ ತೂತು ದೊಡ್ಡದು. ಲಗ್ನಪತ್ರಿಕೆಯವರು 120 ಎನ್ನುತ್ತಾರೆ. ನಾನು ದೊಡ್ಡ ಬಣ್ಣಗಳಿಗೆ 77 ಹಾಕಿದೆ. ಇಂಕ್ ದಪ್ಪಗೆ ಕೂತಿತು, ಮ್ಯಾಟ್ ಆಗಿ, ಕಾಗದದ ಮೇಲೆ ಎದ್ದು ನಿಂತಿತು. ಒಣಗಲು ಹೊತ್ತು ಹಿಡಿಯುತ್ತೆ, ಹಿಡಿಯಲಿ. ಹಳೆಯ ಕಾಗದದ ಹಳದಿಯನ್ನು ಮಾತ್ರ ಅಚ್ಚು ಹಾಕಬೇಡಿ. ಸ್ವಲ್ಪ ಕೆನೆ ಬಣ್ಣದ, 250-300 ಜಿಎಸ್‌ಎಂ (ಚದರ ಮೀಟರ್‌ಗೆ ಅಷ್ಟು ಗ್ರಾಂ ತೂಗುವ) ದಪ್ಪ ಹಾಳೆ ಹುಡುಕಿ. ಕಪ್ಪಿಗೆ ನಾನು ಏನು ಬೆರೆಸುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅಂಗಡಿಯ ಡಬ್ಬಿಯ ಕಪ್ಪು ಆಗುವುದಿಲ್ಲ ಅಂತ ಮಾತ್ರ ತಿಳಿಯಿರಿ.

ಮಳೆಗಾಲ ಒಂದು ಲಾಟನ್ನೇ ತಿಂದಿತು. ಮೊದಲ ಬಣ್ಣಕ್ಕೂ ನಾಲ್ಕನೆಯದಕ್ಕೂ ನಡುವೆ ಹಾಳೆ ತೇವ ಹೀರಿ ಉದ್ದಕ್ಕೆ ಒಂದೂವರೆ ಮಿಲಿಮೀಟರ್ ಹಿಗ್ಗಿತು. ಬಣ್ಣದ ಮೇಲೆ ಬಣ್ಣ ಸರಿಯಾಗಿ ಕೂರಿಸಲು ಹಾಕುವ ಯಾವ ರಿಜಿಸ್ಟ್ರೇಷನ್ ಗುರುತೂ ಹೊಂದಲಿಲ್ಲ. ಈಗ ಹಾಳೆಯನ್ನು ಎರಡು ದಿನ ಪ್ರೆಸ್ ಕೋಣೆಯಲ್ಲೇ ತೂಗುಹಾಕಿ ಆಮೇಲೆ ಶುರು ಮಾಡುತ್ತೇನೆ. ಜುಲೈ, ಆಗಸ್ಟ್‌ನಲ್ಲಿ ಎರಡು ಬಣ್ಣದವು ಮಾತ್ರ.

ದುಡ್ಡಿನ ಲೆಕ್ಕ ನೆನಪಿನಿಂದ ಹೇಳುತ್ತೇನೆ. ನಾಲ್ಕು ಬಣ್ಣ, 55 ಹಾಳೆ ಹಾಕಿದರೆ 40ರಷ್ಟು ಚೆನ್ನಾಗಿ ಬರುತ್ತವೆ. ಕಾಗದ ಎರಡೂವರೆ ಸಾವಿರ, ಸ್ಕ್ರೀನ್ ಎರಡು ಸಾವಿರ, ಫಿಲ್ಮ್ ಮತ್ತು ಇಂಕ್ ಎರಡೂವರೆಯಿಂದ ಮೂರು ಸಾವಿರ, ಜೊತೆಗಾರನ ಕೂಲಿ ಎರಡು ಸಾವಿರ. ಒಟ್ಟು ಒಂಬತ್ತು ಚಿಲ್ಲರೆ ಸಾವಿರ. ಒಂದಕ್ಕೆ 230-240 ರೂಪಾಯಿ ಬಿತ್ತು. ನನ್ನ ಸಂಜೆಗಳನ್ನು ಬಿಟ್ಟರೆ ಡಿಜಿಟಲ್‌ಗೂ ಇದಕ್ಕೂ ದೊಡ್ಡ ವ್ಯತ್ಯಾಸವೇ ಇಲ್ಲ, ಅಲ್ವಾ? ಮಾರುವುದು 1,500ಕ್ಕೆ. ಫ್ರೇಮ್ ಹಾಕಿದರೆ 3,200.

ಮೊದಲು ಹೋದದ್ದು 'ಮ್ಯಾಕ್‌ಬೆತ್'. 1936ರ ಏಪ್ರಿಲ್‌ನಲ್ಲಿ ಹಾರ್ಲೆಮ್‌ನ ಲಫಾಯೆಟ್ ಥಿಯೇಟರ್‌ನಲ್ಲಿ ಕಪ್ಪು ಕಲಾವಿದರೇ ಆಡಿದ, ಇಪ್ಪತ್ತು ವರ್ಷದ ಆರ್ಸನ್ ವೆಲ್ಸ್ ನಿರ್ದೇಶಿಸಿದ ಪ್ರಯೋಗ. ಸ್ಕಾಟ್ಲೆಂಡಿನ ಕಥೆಯನ್ನು ಹೈಟಿಯಂಥ ದ್ವೀಪಕ್ಕೆ ಒಯ್ದಿದ್ದರು. ಈ ಕಥೆ ಹೇಳಿದ ಮೇಲೆ ಗಿರಾಕಿ ಬೆಲೆ ಇಳಿಸು ಅನ್ನುವುದಿಲ್ಲ. 'ಇಟ್ ಕಾಂಟ್ ಹ್ಯಾಪನ್ ಹಿಯರ್' ಇನ್ನೂ ಮಜಾ. 1936ರ ಅಕ್ಟೋಬರ್ 27ರ ಒಂದೇ ರಾತ್ರಿ ಅಮೆರಿಕದ ಹಲವು ಊರುಗಳಲ್ಲಿ ಶುರುವಾದ ನಾಟಕ ಅದು. ಹಾಗಾಗಿ ಬೇರೆ ಬೇರೆ ಊರಿನ ಬೇರೆ ಬೇರೆ ಪೋಸ್ಟರ್‌ಗಳಿವೆ. ಡೆಟ್ರಾಯಿಟ್‌ನದರಲ್ಲಿ ಅಮೆರಿಕದ ನಕ್ಷೆಯ ಹಿಂದೆ ಬಂದೂಕು ಹಿಡಿದ ಹಿಟ್ಲರ್ ನಿಂತಿದ್ದಾನೆ. ಸರ್ವಾಧಿಕಾರದ ವಿರುದ್ಧದ ಪೋಸ್ಟರ್, ಡಿಸೈನ್ ಅದ್ಭುತ. ಆದರೆ ಮನೆಯ ಹಾಲ್‌ಗೆ ಯಾರೂ ಬೇಡ ಅಂದರು. ಕಚೇರಿಗೆ ಅಂತ ಒಬ್ಬ ವಕೀಲರು ತೆಗೆದುಕೊಂಡರು. ಅಂಥದ್ದನ್ನು ಹತ್ತಕ್ಕಿಂತ ಹೆಚ್ಚು ಹೊಡೆಯಬೇಡಿ.

ನಡುವೆ ಬೇರೆ ಆಟಗಳನ್ನೂ ಆಡಿದೆ. ಇಂಕ್ ಎಳೆಯುವ ರಬ್ಬರ್ ಪಟ್ಟಿ ಸ್ಕ್ವೀಜಿ, ಒಂದೇ ಸ್ಕ್ವೀಜಿಯಲ್ಲಿ ಎರಡು ಬಣ್ಣ ಎಳೆದು ಆಕಾಶ ಮಾಡಿದೆ, ಚೆಂದ ಬಂತು, ಆದರೆ ಐದಾರು ಹಾಳೆಗೆ ಬಣ್ಣ ಕಲಸಿಹೋಗುತ್ತೆ. ನಮ್ಮ ಹಳೆಯ ಕಂಪನಿ ನಾಟಕದ ಕರಪತ್ರಗಳನ್ನೂ ಹೀಗೇ ಮಾಡಲು ಹೊರಟೆ. ಅವು ಮೊಳೆ ಅಚ್ಚಿನವು, ಅಂದರೆ ಸೀಸದ ಅಕ್ಷರ ಜೋಡಿಸಿ ಒತ್ತಿದವು, ತೆಳು ಬಣ್ಣದ ಕಾಗದದ ಮೇಲೆ ಒತ್ತಿದ ಗುರುತೇ ಅವುಗಳ ಸೊಗಸು. ಸ್ಕ್ರೀನ್‌ನಲ್ಲಿ ಆ ಒತ್ತು ಬರಲಿಲ್ಲ. ಯಾರ ಬಳಿಯಾದರೂ ಹಳೆಯ ಟ್ರೆಡಲ್ ಅಚ್ಚಿನ ಮಷಿನ್ ಓಡುವ ಸ್ಥಿತಿಯಲ್ಲಿದ್ದರೆ ಅದನ್ನು ಮುಂದುವರಿಸುವ ಆಸೆ ಇದೆ.

ಫ್ರೇಮ್ ಹಾಕುವಾಗ ಗಾಜು ಇಂಕಿಗೆ ತಾಗಬಾರದು, ಎರಡರ ನಡುವೆ ಅಂತರ ಕೊಡುವ ಮೌಂಟ್ ಬೋರ್ಡ್ (ರಟ್ಟಿನ ಚೌಕಟ್ಟು) ಕೊಡಲೇಬೇಕು, ಅದೂ ಆಸಿಡ್ ಇಲ್ಲದ್ದು. ತೇವ ಹತ್ತುವ ಗೋಡೆಗೆ ಹಿಂಬದಿಯ ನಾಲ್ಕು ಮೂಲೆಗೆ ಕಾರ್ಕ್ ತುಂಡು ಅಂಟಿಸಿ, ಗಾಳಿ ಆಡುತ್ತೆ. ಹಾಳೆಯ ಹಿಂದೆ 'ಮರುಮುದ್ರಣ' ಅಂತ ವರ್ಷದ ಸಮೇತ ಸೀಲ್ ಹಾಕುತ್ತೇನೆ. ಮೂಲ ಪ್ರತಿ ಅಂತ ಯಾರೂ ಮುಂದೆ ಮಾರಬಾರದು. ಕೊರಿಯರ್‌ಗೆ ಸುರುಳಿ ಸುತ್ತಿ ಕೊಟ್ಟರೆ 77 ಮೆಶ್‌ನ ದಪ್ಪ ಇಂಕ್ ಬಿರಿಯುತ್ತೆ. ಎರಡು ರಟ್ಟಿನ ನಡುವೆ ಸಪಾಟಾಗಿ ಇಟ್ಟು, ಬಟರ್ ಪೇಪರ್ ಹೊದಿಸಿ ಕಳಿಸಿ. ಎಂಬತ್ತು ತೊಂಬತ್ತು ರೂಪಾಯಿ ಜಾಸ್ತಿ ಬೀಳುತ್ತೆ, ಅದನ್ನು ಬೆಲೆಯಲ್ಲೇ ಸೇರಿಸಿಬಿಡಿ.