ನಿಟಿನಾಲ್ ಪುಡಿಯ ಜಾತಕ ಡಿಎಸ್‌ಸಿಯಲ್ಲಿ ಸಿಕ್ಕಿತು

ನಿಟಿನಾಲ್ ಅಂದರೆ ಬಗ್ಗಿಸಿದರೂ ಮೊದಲ ಆಕಾರಕ್ಕೆ ಮರಳುವ ನಿಕಲ್-ಟೈಟಾನಿಯಂ ಮಿಶ್ರಲೋಹ. ಲೇಸರ್ 3ಡಿ ಪ್ರಿಂಟಿಂಗಿಗೆ ಅದರ ಎರಡು ಲಾಟ್ ಪುಡಿ. ಎರಡರ ಸರ್ಟಿಫಿಕೇಟಿನಲ್ಲೂ ನಿಕಲ್ 50.8 ಪರಮಾಣು ಶೇಕಡಾ, ಸೈಜೂ ಒಂದೇ, 15ರಿಂದ 53 ಮೈಕ್ರಾನ್. ಮೊದಲನೆಯದರಲ್ಲಿ ಪ್ರಿಂಟ್ ಮಾಡಿದ ಪಟ್ಟಿಯನ್ನು ಬಗ್ಗಿಸಿ ಬಿಟ್ಟರೆ ಚಟ್ಟನೆ ನೆಟ್ಟಗಾಗುತ್ತಿತ್ತು. ಎರಡನೆಯದು ಬಗ್ಗಿದ ಹಾಗೇ ಉಳಿಯಿತು, ಬೆಚ್ಚಗಿನ ನೀರಿಗೆ ಹಾಕಿದ ಮೇಲೆ ನಿಧಾನಕ್ಕೆ ಎದ್ದಿತು. ಲೇಸರ್ ಸೆಟ್ಟಿಂಗ್ ತಪ್ಪಿದೆ ಅಂತ ಎಲ್ಲರೂ ಹೇಳಿದರು. ನಾನು ಪುಡಿಯನ್ನೇ ಅನುಮಾನಿಸಿದೆ.

ಮೊದಲು ಐಸಿಪಿಗೆ, ಅಂದರೆ ಯಾವ ಧಾತು ಎಷ್ಟಿದೆ ಅಂತ ಅಳೆಯುವ ಪರೀಕ್ಷೆಗೆ ಕೊಟ್ಟೆ. ಆರು ಸ್ಯಾಂಪಲ್ಲಿಗೆ ಇಪ್ಪತ್ತು ಸಾವಿರದ ಹತ್ತಿರ ಹೋಯಿತು, ಪೂರಾ ದಂಡ. ನಿಕಲ್ 0.1 ಹೆಚ್ಚಾದರೆ ರೂಪಾಂತರದ ತಾಪಮಾನ (ಒಳರಚನೆ ಬದಲಾಗಿ ಲೋಹ ಮೊದಲ ಆಕಾರಕ್ಕೆ ಮರಳುವ ಬಿಸಿ) ಹತ್ತು ಡಿಗ್ರಿಯಷ್ಟು ಇಳಿಯುವ ಲೋಹವಿದು. ಐಸಿಪಿಯ ಹೆಚ್ಚುಕಮ್ಮಿಯೇ ಅದಕ್ಕಿಂತ ದೊಡ್ಡದು.

ಬಂದ ಪುಡಿಯನ್ನು ಹಾಗೇ ಡಿಎಸ್‌ಸಿಗೆ (ಕಾಯಿಸುವಾಗ, ತಣಿಸುವಾಗ ಲೋಹ ಹೀರುವ, ಬಿಡುವ ಶಾಖವನ್ನು ಅಳೆಯುವ ಯಂತ್ರ) ಹಾಕಿದರೆ ಗೆರೆ ಚಪ್ಪಟೆ, ರೂಪಾಂತರ ಎಲ್ಲಿ ಶುರು ಎಲ್ಲಿ ಕೊನೆ ಗೊತ್ತಾಗುವುದಿಲ್ಲ. ಕಾಯಿಸಿ ನೋಡೋಣ ಅಂತ ಕ್ವಾರ್ಟ್ಜ್ ಟ್ಯೂಬಿಗೆ ನೇರವಾಗಿ ಸುರಿದು, ವ್ಯಾಕ್ಯೂಮ್ ಎಳೆದು ಸೀಲ್ ಮಾಡಿ, 850 ಡಿಗ್ರಿಗೆ ಇಟ್ಟೆ. ಗಾಜಿಗೆ ತಾಗಿದ ಕಡೆಯೆಲ್ಲ ಕಪ್ಪು. ಎರಡನೇ ಸಲ ಸೀಲಿನಲ್ಲಿ ಕೂದಲೆಳೆಯಷ್ಟು ಬಿರುಕಿತ್ತು. ಪುಡಿ ಹೊಂಬಣ್ಣಕ್ಕೆ ತಿರುಗಿ ಹೆಂಟೆ ಕಟ್ಟಿತ್ತು. ಮೂರನೇ ಸಲ ಪುಡಿ ಚೆನ್ನಾಗಿಯೇ ಬಂತು. ಆದರೆ ಫರ್ನೇಸಿನಲ್ಲೇ ಆರಲು ಬಿಟ್ಟಿದ್ದೆ. ನಿಕಲ್ ಒಸರಿ ಕಣಗಳಾಗಿ ಬೇರೆಯಾಗಿ, ತಾಪಮಾನ ಸುಳ್ಳುಸುಳ್ಳೇ ಮೇಲೇರಿತ್ತು.

ಕೊನೆಗೆ ಮಾಡಿದ್ದು ಇಷ್ಟು: ಪುಡಿಯನ್ನು ಟ್ಯಾಂಟಲಮ್ ಹಾಳೆಯಲ್ಲಿ ಪೊಟ್ಟಣ ಕಟ್ಟಿ, ಆಮ್ಲಜನಕ ಹೀರಲು ಪಕ್ಕದಲ್ಲಿ ಟೈಟಾನಿಯಂ ಸ್ಪಂಜ್ ಇಟ್ಟು, ಕಾದ ಮೇಲೆ ಥಟ್ಟನೆ ಆರಲಿ ಅಂತ ಟ್ಯೂಬನ್ನು ನೀರೊಳಗೇ ಒಡೆಯುವುದು. ಸ್ಪಂಜ್ ಎಷ್ಟು, ಅದನ್ನು ಮೊದಲು ಹೇಗೆ ತಯಾರು ಮಾಡಬೇಕು ಅನ್ನುವುದು ನನ್ನ ಹತ್ತಿರವೇ ಇರಲಿ. ಡಿಎಸ್‌ಸಿಯಲ್ಲಿ ಸೂಜಿಮೊನೆಯಂಥ ಶಿಖರ ಬಂತು. ಎರಡು ಲಾಟಿನ ನಡುವೆ 18 ಡಿಗ್ರಿ ವ್ಯತ್ಯಾಸ!

ನಡುವೆ ಇನ್ನೊಂದು ನೋಡಿದೆ. ಜುಲೈ ಮಳೆಯಲ್ಲಿ ಇದೇ ಪುಡಿ, ಹರಿವು ಅಳೆಯುವ ಹಾಲ್ ಫನೆಲ್ಲಿನಲ್ಲಿ ಇಳಿಯದೆ ನಿಂತುಬಿಟ್ಟಿತು, ತಟ್ಟಿದರೂ ಇಲ್ಲ. ವ್ಯಾಕ್ಯೂಮ್ ಓವನ್ನಿನಲ್ಲಿ 80 ಡಿಗ್ರಿಗೆ ರಾತ್ರಿಯಿಡೀ ಇಟ್ಟೆ. ಬೆಳಿಗ್ಗೆ 50 ಗ್ರಾಂ 22-23 ಸೆಕೆಂಡಿನಲ್ಲಿ ಸರಸರ ಇಳಿಯಿತು. ಅಲ್ಲಿಂದ ಒಣಗಿಸದೆ ಹರಿವು ಅಳೆದಿಲ್ಲ.

ಪ್ರಿಂಟ್ ಮಾಡುವಾಗ ಒಂದಿಷ್ಟು ನಿಕಲ್ ಆವಿಯಾಗಿ ತಾಪಮಾನ ಇನ್ನೂ ಮೇಲೇರುತ್ತದೆ. ನಮ್ಮ ಮೆಷಿನ್ನಿನಲ್ಲಿ ಅದು 25 ಡಿಗ್ರಿಯ ಆಸುಪಾಸು. ಕಳೆದ ಲಾಟಿನ ಪುಡಿಯ ತಾಪಮಾನಕ್ಕೆ ಇದನ್ನು ಕೂಡಿಸಿ, ಪ್ರಿಂಟಿಗೆ ಮೊದಲೇ ಬೋರ್ಡಿನ ಮೇಲೆ 31 ಡಿಗ್ರಿ ಅಂತ ಬರೆದಿಟ್ಟೆ. ಪಟ್ಟಿ ಅಳೆದಾಗ 33. ಲೇಸರ್ ಸೆಟ್ಟಿಂಗ್ ಅಂದವರೇ ಈಗ ತಮ್ಮ ಪುಡಿಯ ಡಬ್ಬಿ ಹಿಡಿದು ಬರುತ್ತಿದ್ದಾರೆ.