ಮಳೆಗಾಲಕ್ಕೆ ಜೀಪು ಸಜ್ಜು: ಲೈಟು, ಬಂಪರಿಗಿಂತ ಮೊದಲು ಬ್ರೀದರ್ ನೋಡಿ

ಮೇ ತಿಂಗಳು ಬಂತೆಂದರೆ ಮೂಡಿಗೆರೆ, ಸಕಲೇಶಪುರ, ಮಡಿಕೇರಿ ಕಡೆಯ ಗ್ಯಾರೇಜುಗಳ ಮುಂದೆ ಜೀಪುಗಳು ಸಾಲುಗಟ್ಟುತ್ತವೆ. ತೋಟದವರ ಹಳೇ ಮಹೀಂದ್ರಾ, ಜಿಪ್ಸಿಗಳ ಪಕ್ಕದಲ್ಲೇ ಬೆಂಗಳೂರಿನಿಂದ ಬಂದ ಹೊಸ ಥಾರ್, ಜಿಮ್ನಿಗಳೂ ನಿಂತಿರುತ್ತವೆ. ಹೊಸ ಗಾಡಿಗೆ ಮೊದಲು ಬೀಳುವುದು ಲೈಟು, ಬಂಪರು, ಎಂಜಿನ್ನಿಗೆ ಎತ್ತರದಿಂದ ಗಾಳಿ ಎಳೆಯುವ ಸ್ನಾರ್ಕೆಲ್ ಕೊಳವೆ. ಅಡಿಗೆ ನುಗ್ಗಿ ಆಕ್ಸಲ್ ಮೇಲಿನ ಬ್ರೀದರ್, ಅಂದರೆ ಗಾಳಿಕಿಂಡಿ, ಮುಟ್ಟಿ ನೋಡುವವರು ತೀರಾ ಕಡಿಮೆ. ಮಳೆಗಾಲವೆಲ್ಲ ಹಳ್ಳ ದಾಟಿ, ಆಕ್ಸಲ್ಲಿನ ಗೇರು ಕೂತಿರುವ ಹೌಸಿಂಗಿಗೆ ನೀರು ಸೇರುತ್ತದೆ. ದೀಪಾವಳಿ ಹೊತ್ತಿಗೆ ಅದರೊಳಗಿನ ಕ್ರೌನ್-ಪಿನಿಯನ್ ಗೇರು ಕೂಗಲು ಶುರುವಾಗಿ, ಅದೇ ಗಾಡಿ ಅದೇ ಗ್ಯಾರೇಜಿಗೆ ವಾಪಸ್ ಬರುತ್ತದೆ. ಒಂದು ತುಂಡು ಪೈಪಿನಿಂದ ತಪ್ಪಿಸಬಹುದಾದ ಖರ್ಚು ಇದು.

ಏನು ಹಾಕಿಸಬಾರದು

ಗಾಡಿಯನ್ನು ತಯಾರಕರ ಮೂಲ ವಿನ್ಯಾಸಕ್ಕಿಂತ ಬೇರೆಯಾಗುವಂತೆ ಮಾರ್ಪಡಿಸಲು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಬಿಡುವುದಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಸ್ಪಷ್ಟವಾಗಿ ಹೇಳಿತು. ಬಂಪರಿನ ಮುಂದೆ ಬುಲ್ ಬಾರ್ ಎಂಬ ಕಬ್ಬಿಣದ ಕಂಬಿ ಹಾಕಿಸಿದವರ ಮೇಲೆ ಕ್ರಮ ಕೈಗೊಳ್ಳಿ ಎಂದು ಕೇಂದ್ರ ಸಾರಿಗೆ ಸಚಿವಾಲಯ ರಾಜ್ಯಗಳಿಗೆ ಬರೆದದ್ದು 2017ರ ಡಿಸೆಂಬರಿನಲ್ಲಿ. ಹಾಗಾಗಿ ದೈತ್ಯ ಟೈರು, ಎತ್ತರ ಏರಿಸುವ ಕಿಟ್ಟು, ಕಬ್ಬಿಣದ ಬಂಪರು ಇವುಗಳ ಆಸೆ ಬಿಡಿ. ಟೈರು ದೊಡ್ಡದಾದಷ್ಟೂ ಸ್ಟೀರಿಂಗ್ ಜಾಯಿಂಟುಗಳ ಮೇಲೆ ಭಾರ ಹೆಚ್ಚು, ಬ್ರೇಕಿನ ಹಿಡಿತ ಕಡಿಮೆ, ಚಡಾವಿನಲ್ಲಿ ಎಳೆತವೂ ಕಡಿಮೆ. ಮಲೆನಾಡಿನ ತೋಟದ ದಾರಿಗೆ ಕಂಪನಿ ಅಳತೆಯ ಒಳ್ಳೆ ಆಲ್-ಟೆರೈನ್ (ಎಲ್ಲ ಬಗೆಯ ದಾರಿಗೂ ಆಗುವ) ಟೈರು ಸಾಕು. ಮಡ್ ಟೈರು ಇಡೀ ದಿನ ಕೆಸರಲ್ಲೇ ಇರುವ ಗಾಡಿಗೆ ಮಾತ್ರ. ಒದ್ದೆ ಡಾಂಬರಿನ ಮೇಲೆ ಅದು ಜಾರುತ್ತದೆ, ಚಾರ್ಮಾಡಿ ಘಾಟಿಯ ತಿರುವುಗಳಲ್ಲಿ ಅದನ್ನು ನಂಬಬೇಡಿ.

ತೊಳೆಯುವುದು

ಬಾಡಿಗಿಂತ ಮೊದಲು ಅಡಿಭಾಗ. ಒಣಗಿದ ಕೆಸರು ಹೋದ ಮೇಲೇ ಎಲ್ಲಿ ಆಯಿಲ್ ಜಿನುಗುತ್ತಿದೆ ಎಂಬುದು ಕಣ್ಣಿಗೆ ಬೀಳುವುದು.

ಬ್ರೀದರ್: ಇಲ್ಲಿ ಆತುರ ಬೇಡ

ಮುಂದಿನ ಮತ್ತು ಹಿಂದಿನ ಹೌಸಿಂಗ್, ಗೇರ್ ಬಾಕ್ಸ್, ಮುಂದಿನ-ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್ ಇವುಗಳ ಮೇಲ್ಭಾಗದಲ್ಲಿ ಗಾಳಿ ಆಡಲು ಪುಟ್ಟ ಕಿಂಡಿ ಇರುತ್ತದೆ. ಅದೇ ಬ್ರೀದರ್. ಗಾಡಿ ಓಡಿದಂತೆ ಒಳಗಿನ ಆಯಿಲ್ ಬಿಸಿಯಾಗಿ ಗಾಳಿ ಹಿಗ್ಗುತ್ತದೆ, ಹೆಚ್ಚಾದದ್ದು ಕಿಂಡಿಯಿಂದ ಹೊರಗೆ ಹೋಗುತ್ತದೆ. ಹಾಗೆ ಕಾದ ಹೌಸಿಂಗನ್ನು ಜುಲೈ ತಿಂಗಳ ಹಳ್ಳದ ತಣ್ಣೀರಿಗೆ ಇಳಿಸಿದರೆ ಒಳಗಿನ ಗಾಳಿ ಒಮ್ಮೆಲೇ ಕುಗ್ಗುತ್ತದೆ. ಕುಗ್ಗಿದ ಜಾಗ ತುಂಬಲು ಅದು ಹೊರಗಿನಿಂದ ಏನನ್ನಾದರೂ ಎಳೆದುಕೊಳ್ಳಲೇಬೇಕು. ಬ್ರೀದರ್ ನೀರೊಳಗೆ ಮುಳುಗಿದ್ದರೆ ಅದರ ಮೂಲಕವೇ ನೀರು ಬರುತ್ತದೆ. ಕೆಸರು ಕಟ್ಟಿ ಮುಚ್ಚಿಹೋಗಿದ್ದರೆ ನೀರು ಆಯಿಲ್ ತಡೆಯುವ ಸೀಲಿನ ಅಂಚಿನಿಂದ ನುಸುಳಿ ಬರುತ್ತದೆ.

ಮುಚ್ಚಿದ ಬ್ರೀದರಿನದು ಇನ್ನೊಂದು ಕಾಟವಿದೆ. ಹಿಗ್ಗಿದ ಗಾಳಿಗೆ ದಾರಿ ಸಿಗದೆ ಅದು ಆಯಿಲನ್ನೇ ಸೀಲಿನಾಚೆ ತಳ್ಳುತ್ತದೆ. ಹಿಂದಿನ ಚಕ್ರದ ಒಳಮಗ್ಗುಲು ಒದ್ದೆಯಾಗಿ, ಡ್ರಮ್ಮಿನೊಳಗೆ ಲೈನರಿಗೆ ಆಯಿಲ್ ಹತ್ತಿ, ಬ್ರೇಕ್ ಒಂದು ಕಡೆಗೆ ಎಳೆಯತೊಡಗುತ್ತದೆ. ಗ್ಯಾರೇಜಿನಲ್ಲಿ ಸೀಲು ಬದಲಾಯಿಸಿ ಕಳಿಸುತ್ತಾರೆ. ಕೆಲವೇ ವಾರಗಳಲ್ಲಿ ಮತ್ತೆ ಒದ್ದೆ, ಮತ್ತೆ ಸೀಲು. ಸೀಲಿಗೆ ದುಡ್ಡು ಕೊಡುವ ಮೊದಲು ಬ್ರೀದರ್ ಬಿಚ್ಚಿ ಡೀಸೆಲ್ಲಿನಲ್ಲಿ ತೊಳೆದು, ಬಾಯಿಂದ ಊದಿ ನೋಡಿ. ಗಾಳಿ ಸಲೀಸಾಗಿ ಹೋಗಬೇಕು.

ಹಳೇ ಗಾಡಿಯಾದರೆ ಮೂಲ ಬ್ರೀದರ್ ತೆಗೆದು, ಅದೇ ಮರೆಯ (ಥ್ರೆಡ್ಡಿನ) ನಿಪ್ಪಲ್ ಕೂರಿಸಿ, ಅಲ್ಲಿಂದ ಪೈಪನ್ನು ಬಾನೆಟ್ ಮಟ್ಟಕ್ಕೆ ಏರಿಸಿ. ಪೈಪು ಆಯಿಲ್ ಮತ್ತು ಬಿಸಿ ತಡೆಯುವ ಫ್ಯೂಯಲ್ ಹೋಸೇ ಆಗಬೇಕು. ಮೇಸ್ತ್ರಿಗಳ ಪಾರದರ್ಶಕ ಲೆವೆಲ್ ಪೈಪು ಅಗ್ಗವೆಂದು ಹಾಕಿಬಿಡುತ್ತಾರೆ. ಅದು ಬಿಸಿಗೆ ಮೆತ್ತಗಾಗಿ ಮಡಿಚಿಕೊಳ್ಳುತ್ತದೆ, ಮಡಿಚಿದ ಪೈಪೂ ಮುಚ್ಚಿದ ಬ್ರೀದರೂ ಒಂದೇ. ಅಳತೆ ತೆಗೆಯುವಾಗ ಛಾಸಿಗೆ ಜಾಕಿ ಕೊಟ್ಟು ಎತ್ತಿ, ಆಕ್ಸಲ್ ಪೂರ್ತಿ ಕೆಳಗೆ ಜೋತುಬೀಳಲಿ. ಆ ಸ್ಥಿತಿಯಲ್ಲೂ ಪೈಪು ಬಿಗಿಯಾಗಬಾರದು. ನೆಲದ ಮೇಲೆ ನಿಂತ ಗಾಡಿಯಲ್ಲಿ ಅಳತೆ ತೆಗೆದು ಹಾಕಿದ ಪೈಪು ಮೊದಲ ಕೊರಕಲಿನಲ್ಲೇ ಕಿತ್ತುಬರುತ್ತದೆ. ಸೈಲೆನ್ಸರ್ ಪೈಪಿನಿಂದ ದೂರ ಕಟ್ಟಿ. ನಡುವೆ ತಗ್ಗಾಗಿ ಜೋತುಬಿದ್ದರೆ ಅಲ್ಲಿ ನೀರು ನಿಂತುಕೊಳ್ಳುತ್ತದೆ, ಅದಕ್ಕೂ ಅವಕಾಶ ಕೊಡಬೇಡಿ. ಮೇಲಿನ ತುದಿಗೆ ಬೈಕಿನ ಸಣ್ಣ ಪೆಟ್ರೋಲ್ ಫಿಲ್ಟರ್ ಸಿಕ್ಕಿಸಿ, ಬಾಯಿ ಕೆಳಮುಖವಾಗಿ ತಿರುಗಿಸಿ. ನಾಲ್ಕಕ್ಕೂ ನಾಲ್ಕು ಬೇರೆ ಪೈಪು ಎಳೆಯಿರಿ. ಎಲ್ಲವನ್ನೂ ಒಂದಕ್ಕೆ ಸೇರಿಸಿದರೆ ಒಂದು ಕಟ್ಟಿಕೊಂಡಾಗ ನಾಲ್ಕೂ ಕೆಡುತ್ತವೆ.

ಹೊಸ ಗಾಡಿಗಳಲ್ಲಿ ಕಂಪನಿಯವರೇ ಪೈಪು ಏರಿಸಿರುವುದುಂಟು. ಇದ್ದರೆ ಅದರ ತುದಿ ಎಲ್ಲಿದೆ, ತೆರೆದಿದೆಯೇ ಎಂದು ಪತ್ತೆ ಮಾಡಿದರೆ ಸಾಕು.

ಸ್ನಾರ್ಕೆಲ್ ಕಾಯುವುದು ಎಂಜಿನ್ನನ್ನು ಮಾತ್ರ. ಅದನ್ನು ನಂಬಿ ಬಾನೆಟ್‌ವರೆಗೆ ನೀರಿಗಿಳಿದರೆ ಎಂಜಿನ್ ಬದುಕುತ್ತದೆ, ಹೌಸಿಂಗು ಸಾಯುತ್ತದೆ. ಮಾರುಕಟ್ಟೆಯ ಎಷ್ಟೋ ಸ್ನಾರ್ಕೆಲ್‌ಗಳ ಜೋಡಣೆಯಲ್ಲಿ ಗಾಳಿಯೇ ನಿಲ್ಲುವುದಿಲ್ಲ, ಇನ್ನು ನೀರು ನಿಂತೀತೇ?

ಆಯಿಲ್ ಪರೀಕ್ಷೆ

ಗಾಡಿಯನ್ನು ಸಮತಟ್ಟು ಜಾಗದಲ್ಲಿ ಒಂದು ರಾತ್ರಿ ನಿಲ್ಲಿಸಿ. ನೀರು ಆಯಿಲಿಗಿಂತ ಭಾರ, ಬೆಳಗಾಗುವಷ್ಟರಲ್ಲಿ ತಳಕ್ಕೆ ಇಳಿದಿರುತ್ತದೆ. ಎಂಜಿನ್ ಚಾಲೂ ಮಾಡದೆ ಮೊದಲು ಮೇಲಿನ ಫಿಲ್ಲರ್ ಪ್ಲಗ್ (ಆಯಿಲ್ ತುಂಬುವ ತೂತಿನ ಬಿರಡೆ) ಸಡಿಲಿಸಿ. ಈ ಕ್ರಮ ತಪ್ಪಿಸಲೇಬೇಡಿ. ಡ್ರೈನ್ ಮಾಡಿದ ಮೇಲೆ ಫಿಲ್ಲರ್ ಪ್ಲಗ್ ತುಕ್ಕು ಹಿಡಿದು ಬಿಚ್ಚದೆ, ಖಾಲಿ ಹೌಸಿಂಗಿನ ಗಾಡಿಯನ್ನು ಟೋ ಮಾಡಿಸಿದವರನ್ನು ನೋಡಿದ್ದೇನೆ. ನಂತರ ಕೆಳಗಿನ ಪ್ಲಗ್ಗನ್ನು ಒಂದೆರಡು ಸುತ್ತು ಮಾತ್ರ ಸಡಿಲಿಸಿ, ಅಡಿಗೆ ಬಿಳಿ ಡಬ್ಬ ಹಿಡಿಯಿರಿ. ಮೊದಲು ಶುದ್ಧ ನೀರೇ ತೊಟ್ಟಿಕ್ಕಿದರೆ ಅದು ಒಳಹೊಕ್ಕು ಹೆಚ್ಚು ದಿನವಾಗಿಲ್ಲ, ಗಾಡಿಯೂ ಅಷ್ಟಾಗಿ ಓಡಿಲ್ಲ. ಹಾಲು ಬೆರೆಸಿದ ಕಾಫಿಯ ಬಣ್ಣದ ಆಯಿಲ್ ಬಂದರೆ ಗೇರುಗಳು ಅದನ್ನು ಕಡೆದು ಮುಗಿಸಿವೆ ಎಂದರ್ಥ.

ಎರಡರಲ್ಲಿ ಯಾವುದು ಬಂದರೂ ಆಯಿಲನ್ನು ಪೂರ್ತಿ ಇಳಿಸಿ, ಹೊಸ ಆಯಿಲ್ ಹಾಕಿ ಕೆಲವು ಕಿಲೋಮೀಟರ್ ಓಡಿಸಿ, ಬಿಸಿಯಿರುವಾಗಲೇ ಮತ್ತೊಮ್ಮೆ ಇಳಿಸಿ. ಆಕ್ಸಲ್ ಕೊಳವೆಗಳಲ್ಲಿ ಉಳಿದ ನೀರು ಎರಡನೇ ಸಲಕ್ಕೇ ಹೊರಬರುವುದು. ಡೀಸೆಲ್ ಹಾಕಿ ಕುಲುಕಿಸುವ ಅಡ್ಡದಾರಿ ಬೇಡವೇ ಬೇಡ. ಮೂಲೆಯಲ್ಲಿ ಉಳಿದ ಡೀಸೆಲ್ ಹೊಸ ಆಯಿಲನ್ನು ತೆಳುವಾಗಿಸುತ್ತದೆ. ಪ್ಲಗ್ಗಿನ ಅಯಸ್ಕಾಂತಕ್ಕೆ ಬೂದು ಬಣ್ಣದ ನುಣುಪು ಪೇಸ್ಟ್ ಅಂಟಿದ್ದರೆ ಚಿಂತೆಯಿಲ್ಲ. ಉಗುರಿಗೆ ಚುಚ್ಚುವ ಚೂರು ಸಿಕ್ಕರೆ ಹೌಸಿಂಗ್ ಬಿಚ್ಚಿಸಿ.

ಆಯಿಲಿನ ಗ್ರೇಡ್ ಮ್ಯಾನ್ಯುಯಲ್ ಹೇಳಿದ್ದೇ. ಹೌಸಿಂಗಿಗೆ ಸಾಮಾನ್ಯವಾಗಿ ಜಿಎಲ್-5 ದರ್ಜೆಯ ಗೇರ್ ಆಯಿಲ್ ಹಾಕುತ್ತಾರೆ. ಅದನ್ನೇ ಹಳೇ ಗೇರ್ ಬಾಕ್ಸಿಗೂ ಸುರಿಯಬೇಡಿ, ಅದರಲ್ಲಿನ ಗಂಧಕದ ಅಂಶ ಒಳಗಿನ ಹಿತ್ತಾಳೆ ರಿಂಗುಗಳನ್ನು ತಿನ್ನಬಲ್ಲದು. ಫಿಲ್ಲರ್ ತೂತಿನಿಂದ ಆಯಿಲ್ ಜಿನುಗುವವರೆಗೆ ತುಂಬಿ ಮುಚ್ಚಿ.

ಗ್ರೀಸು, ಫೋರ್ ವೀಲ್, ಕೊಕ್ಕೆ

ಆಕ್ಸಲ್ಲಿಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸುಗಳಿಗೆ (ಕೀಲುಗಳಿಗೆ) ಗ್ರೀಸ್ ಗನ್ನಿನಿಂದ ಒತ್ತುವಾಗ ನಾಲ್ಕೂ ಕಪ್ಪುಗಳಿಂದ ಹಳೇ ಗ್ರೀಸು ಹೊರಬರಬೇಕು. ಮೂರರಿಂದ ಬಂದು ನಾಲ್ಕನೆಯದರಿಂದ ಬರದಿದ್ದರೆ ಕೆಲಸ ಮುಗಿದಿಲ್ಲ. ಫೋರ್ ವೀಲ್ ಡ್ರೈವನ್ನು ತಿಂಗಳಿಗೊಮ್ಮೆಯಾದರೂ ಮಣ್ಣುದಾರಿಯಲ್ಲಿ ಹಾಕಿ ಓಡಿಸಿ, ಡಾಂಬರಿನ ಮೇಲೆ ಬೇಡ. ಎಳೆಸಿಕೊಳ್ಳಲು ಛಾಸಿಗೆ ಬೋಲ್ಟ್ ಮಾಡಿದ ಕೊಕ್ಕೆಯೇ ಬೇಕು. ಟ್ರೈಲರ್ ಸಿಕ್ಕಿಸುವ ಟೋ ಬಾಲಿಗೆ ಹಗ್ಗ ಬಿಗಿದು ಜಗ್ಗಿದರೆ ಅದು ಮುರಿದು ಗುಂಡಿನಂತೆ ಹಾರುತ್ತದೆ, ಪ್ರಾಣಕ್ಕೇ ಅಪಾಯ.

ದಾರಿಯಲ್ಲಿ

ಕೆಸರಿನಲ್ಲಿ ಟ್ಯೂಬ್‌ಲೆಸ್ ಟೈರಿನ ಗಾಳಿಯನ್ನು ಮೂರನೇ ಒಂದು ಭಾಗದಷ್ಟು ಇಳಿಸಿ. ಟ್ಯೂಬ್ ಇರುವ ಟೈರಿನಲ್ಲಿ ಅಷ್ಟು ಇಳಿಸಿದರೆ ಟ್ಯೂಬು ಒಳಗೇ ಜರುಗಿ ವಾಲ್ವ್ ಕಿತ್ತುಹೋಗುತ್ತದೆ. ಡಾಂಬರು ಸಿಗುವ ಮೊದಲೇ ಮತ್ತೆ ತುಂಬಬೇಕು, ಸಣ್ಣ ಕಂಪ್ರೆಸರ್ ಗಾಡಿಯಲ್ಲೇ ಇರಲಿ.

2020ರ ಥಾರ್‌ಗೆ ಕಂಪನಿ ಹೇಳುವ 650 ಮಿ.ಮೀ. ನೀರಿನ ಮಿತಿಯನ್ನು ಹರಿಯುವ ಹಳ್ಳದಲ್ಲಿ ನಂಬಬೇಡಿ. ಮೊದಲು ಕೋಲು ಹಿಡಿದು ನಡೆದು ನೋಡಿ. ಕಾಲು ನಿಲ್ಲದ ಕಡೆ ಗಾಡಿಯೂ ಇಳಿಯುವುದು ಬೇಡ. ನೀರಿಗಿಳಿಯುವ ಮೊದಲು, ಕಾದ ಹೌಸಿಂಗ್ ಆರಲು ದಡದಲ್ಲಿ ಹತ್ತು ನಿಮಿಷ ನಿಲ್ಲಿ. ನಡುನೀರಿನಲ್ಲಿ ಎಂಜಿನ್ ನಿಂತರೆ ಸೆಲ್ಫ್ ಹೊಡೆಯಲೇಬೇಡಿ. ಸಿಲಿಂಡರಿಗೆ ನೀರು ಹೊಕ್ಕಿದ್ದರೆ ಕನೆಕ್ಟಿಂಗ್ ರಾಡ್ ಬಾಗುವುದು ಆಗಲೇ.

ಅನುಮತಿಯಿಲ್ಲದೆ ಕಾಡಿಗೆ ನುಗ್ಗುವುದು ಅಪರಾಧ. ಶೋಲಾ ಹುಲ್ಲುಗಾವಲಿನ ಮೇಲಂತೂ ಚಕ್ರ ಹತ್ತಿಸಬೇಡಿ, ಈ ವರ್ಷ ಬಿದ್ದ ಜಾಡು ಮುಂದಿನ ಮಳೆಗೆ ಕೊರಕಲಾಗುತ್ತದೆ.

ಮನೆಗೆ ಹೊರಡುವ ಮೊದಲು ಸ್ವಲ್ಪ ದೂರ ಬ್ರೇಕನ್ನು ಹಗುರವಾಗಿ ಒತ್ತಿಕೊಂಡೇ ಓಡಿಸಿ ಡ್ರಮ್ ಒಣಗಿಸಿ. ಗಾಡಿ ಕೆಲವು ದಿನ ನಿಲ್ಲುವುದಾದರೆ ಹ್ಯಾಂಡ್ ಬ್ರೇಕ್ ಹಾಕಬೇಡಿ, ಒದ್ದೆ ಲೈನರು ಡ್ರಮ್ಮಿಗೆ ಅಂಟಿಕೊಳ್ಳುತ್ತದೆ. ಸಮತಟ್ಟು ಜಾಗದಲ್ಲಿ ಗೇರಿಗೆ ಹಾಕಿ, ಚಕ್ರಕ್ಕೆ ಮುಂದೊಂದು ಹಿಂದೊಂದು ಮರದ ತುಂಡು ಕೊಟ್ಟು ನಿಲ್ಲಿಸಿ.