ಕೆಂಪು ಕಾಣುವುದು ಕಡಿದಲ್ಲಿ: ಪದವಿನ ಫೋಟೋಗಳ ಬಗ್ಗೆ ನನ್ನ ಅನುಭವ

ಕಾಸರಗೋಡಿನ ಫೋಟೋ ಅಂದರೆ ಬೇಕಲ ಕೋಟೆ, ಸೂರ್ಯಾಸ್ತ. ಕೇಳುವವರಿಗೆ ಅದೇ ಬೇಕು, ನಾನೂ ತೆಗೆದು ಕೊಟ್ಟಿದ್ದೇನೆ. ಆದರೆ ನನ್ನ ಮನಸ್ಸು ನಿಂತಿರುವುದು ಪದವುಗಳ ಮೇಲೆ. ಬದಿಯಡ್ಕ, ಪೆರ್ಲ, ಪೈವಳಿಕೆ, ಬಾಯಾರು ಕಡೆಯ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಬೋಳು ಗುಡ್ಡಗಳು ಇವು. ಬೇಸಗೆಯಲ್ಲಿ ಒಣಹುಲ್ಲು, ಕರಿಬಂಡೆ ಬಿಟ್ಟರೆ ಬೇರೇನೂ ಕಾಣುವುದಿಲ್ಲ. ‘ಅಲ್ಲಿ ತೆಗೆಯಲಿಕ್ಕೆ ಏನುಂಟು?’ ಅಂತ ಈಗಲೂ ಕೇಳುತ್ತಾರೆ.

ನನ್ನ ಊಟ ನಡೆಯುವುದು ಮದುವೆ, ಉಪನಯನ, ಯಕ್ಷಗಾನದ ಫೋಟೋಗಳಿಂದ. ಆಟಿ ತಿಂಗಳು (ಜುಲೈ-ಆಗಸ್ಟ್ ಹೊತ್ತಿನ ತುಳು ತಿಂಗಳು) ಬಂತೆಂದರೆ ಶುಭಕಾರ್ಯ ಇಲ್ಲ, ಮೇಳಗಳ ತಿರುಗಾಟವೂ ಇಲ್ಲ. ಸ್ಟುಡಿಯೋ ಸುಮ್ನೆ ತೆರೆದಿರುತ್ತದೆ. ಪದವು ಹೂ ಬಿಡುವುದು ಸರಿಯಾಗಿ ಆ ಹೊತ್ತಿಗೇ. ಸಂಬಳದ ಕೆಲಸ ಹಿಡಿದಿದ್ದರೆ ಈ ಬಿಡುವು ನನಗೆ ಸಿಗುತ್ತಿರಲಿಲ್ಲ.

ಮೊದಲ ಮಳೆ ಬಿದ್ದ ಕೆಲವೇ ವಾರಗಳಲ್ಲಿ ಬಂಡೆಯ ತಗ್ಗುಗಳಲ್ಲಿ ನೀರು ನಿಲ್ಲುತ್ತದೆ. ದೊಡ್ಡದಾದರೆ ನಾವು ಪಳ್ಳ ಅನ್ನುತ್ತೇವೆ. ಅದರ ಸುತ್ತ ತೆಳು ಮಣ್ಣಿನಲ್ಲಿ ನೀಲಿ-ನೇರಳೆ ಹೂ ಏಳುತ್ತದೆ. ಮಲಯಾಳಂ ಮನೆಗಳ ಮಕ್ಕಳು ಓಣಂ ಪೂಕಳಕ್ಕೆ, ಅಂದರೆ ಹೂವಿನ ರಂಗೋಲಿಗೆ, ಕೊಯ್ಯುವ ಕಾಕ್ಕಪ್ಪೂ ಇದೇ. ಮಣ್ಣಿನಲ್ಲಿ ಸತ್ವ ಕಮ್ಮಿ. ಹಾಗಾಗಿ ಈ ಗಿಡ ಕೆಸರಿನೊಳಗೆ ಸಾಸಿವೆಗಿಂತ ಚಿಕ್ಕ ಚೀಲಗಳನ್ನು ಇಟ್ಟುಕೊಂಡು ಸಣ್ಣ ಸಣ್ಣ ಜೀವಿಗಳನ್ನು ಹಿಡಿದು ತಿನ್ನುತ್ತದೆ. ಹೂವಿನ ಎತ್ತರ ಗೇಣೂ ಇಲ್ಲ. ಟ್ರೈಪಾಡಿನ ಕಾಲು ಅಗಲಿಸಿ ಕ್ಯಾಮರಾವನ್ನು ನೆಲಕ್ಕೆ ತಾಗಿಸಿ, ಗಾಳಿ ನಿಲ್ಲುವವರೆಗೆ ಮಲಗಿಯೇ ಇರಬೇಕು. ಬಂಡೆ ಇರುವಲ್ಲಿಯೇ ಕಾಲಿಡುತ್ತೇನೆ. ಹೂ ತುಳಿದು ಹೂವಿನ ಫೋಟೋ ತೆಗೆಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಇನ್ನು ಕೆಂಪಿನ ವಿಷಯ. ಮಳೆ, ಬಿಸಿಲು, ಪಾಚಿ ಎಲ್ಲ ಸೇರಿ ಮುರಕಲ್ಲಿನ ಮೇಲ್ಮೈ ಕಪ್ಪಾಗಿರುತ್ತದೆ. ಕಬ್ಬಿಣದ ಅಂಶದಿಂದ ಬರುವ ಆ ಗಾಢ ಕೆಂಪು ಕಾಣಬೇಕಾದರೆ ಕಲ್ಲನ್ನು ಕಡಿದಿರಬೇಕು. ಸ್ಕಾಟ್‌ಲ್ಯಾಂಡಿನ ವೈದ್ಯ ಫ್ರಾನ್ಸಿಸ್ ಬುಕಾನನ್ ಮಲಪ್ಪುರಂನ ಅಂಗಾಡಿಪುರಂನಲ್ಲಿ ಈ ಕಲ್ಲನ್ನು ನೋಡಿ 1807ರಲ್ಲಿ ಬರೆದಿದ್ದ: ನೆಲದೊಳಗೆ ಮೆದು, ಕಡಿದು ಗಾಳಿಗೆ ಇಟ್ಟರೆ ಗಟ್ಟಿ. ಆ ಗುಣದಿಂದಲೇ ನಮ್ಮ ಮನೆಗಳು ಎದ್ದವು. ಅದೇ ಗುಣದಿಂದ ಗುಡ್ಡಗಳು ಕರಗುತ್ತಿವೆ. ಕಲ್ಲು ಕಡಿಯುವ ಕೋರೆಯಲ್ಲಿ ಮೆಷಿನ್ ಬ್ಲೇಡು ಹೋದಲ್ಲೆಲ್ಲ ಗೋಡೆಯ ತುಂಬ ನೇರ ಗೆರೆಗಳು, ಅಡಿಯಲ್ಲಿ ಮಳೆನೀರು. ನೋಡಲು ಚಂದವೇ. ಆದರೆ ನನ್ನ ಫೋಟೋದಲ್ಲಿ ಕೆಂಪು ಜಾಸ್ತಿ ಆದಷ್ಟೂ ಅಲ್ಲಿ ಗುಡ್ಡ ಕಮ್ಮಿಯಾಗಿದೆ ಅಂತಲೇ ಅರ್ಥ.

ಆದ್ದರಿಂದ ಕಂಪ್ಯೂಟರಿನಲ್ಲಿ ಬಣ್ಣ ಏರಿಸುವುದಕ್ಕೆ ನಾನು ಒಪ್ಪುವುದಿಲ್ಲ. ಇಲ್ಲಿ ಬಣ್ಣವೇ ಸಾಕ್ಷಿ. ಬಣ್ಣದ ಹದವನ್ನು ಕ್ಯಾಮರಾಕ್ಕೇ ಬಿಟ್ಟು ಆಟೋ ವೈಟ್ ಬ್ಯಾಲೆನ್ಸ್ ಇಟ್ಟರೆ ಕೋರೆಯ ಕೆಂಪು ಗೋಡೆ ನೋಡಿದ ಕೂಡಲೇ ಕ್ಯಾಮರಾ ಅದನ್ನು ನೀಲಿಯತ್ತ ಎಳೆದು ತಣ್ಣಗೆ ಮಾಡಲು ಹೊರಡುತ್ತದೆ. ನಾನು ಅದನ್ನು ಹಗಲು ಬೆಳಕಿನ ಲೆಕ್ಕವಾದ 5500 ಕೆಲ್ವಿನ್ ಆಸುಪಾಸಿಗೆ ನಿಲ್ಲಿಸಿ, ಒಂದು ಫ್ರೇಮಿನಲ್ಲಿ ಬಣ್ಣ ಹೋಲಿಸಲು ಬೂದುಬಣ್ಣದ ಗ್ರೇ ಕಾರ್ಡ್ ಹಿಡಿದು, ಕ್ಯಾಮರಾ ತಿದ್ದದ ರಾ ಫೈಲಿನಲ್ಲಿ ತೆಗೆಯುತ್ತೇನೆ. ಬೆಳಕಿನ ಹಂಚಿಕೆ ತೋರಿಸುವ ಹಿಸ್ಟೋಗ್ರಾಮಿನಲ್ಲಿ ಕೆಂಪು ಚಾನೆಲ್ಲನ್ನು ಹಸಿರು, ನೀಲಿಯಿಂದ ಬೇರೆಯಾಗಿ ನೋಡಬೇಕು. ಉಳಿದೆರಡು ಸರಿ ಇರುವಾಗಲೇ ಕೆಂಪು ತುಂಬಿ ಹರಿದು ಕಲ್ಲಿನ ತೂತು, ಗೀರು ಎಲ್ಲ ಅಳಿಸಿಹೋಗುತ್ತದೆ. ಒದ್ದೆ ಬಂಡೆಗೆ ಹೊಳಪು ತಗ್ಗಿಸುವ ಪೋಲರೈಸರ್ ಫಿಲ್ಟರ್ ಬೇಕೇ ಬೇಕು. ಆದರೆ ಹೊಳಪು ಪೂರ್ತಿ ಹೋಗುವಷ್ಟು ತಿರುಗಿಸಬೇಡಿ. ಸ್ವಲ್ಪ ಹೊಳಪು ಉಳಿದರೇ ಒದ್ದೆ ಒದ್ದೆಯಾಗಿ ಕಾಣುವುದು.

ಬಣ್ಣದಲ್ಲಿ ನನಗೆ ದಾರಿ ತೋರಿಸಿದ್ದು ಅಮೆರಿಕದ ಎಲಿಯಟ್ ಪೋರ್ಟರ್. ಹಾರ್ವರ್ಡಿನಲ್ಲಿ ಡಾಕ್ಟರಿಕೆ ಓದಿ ಅಲ್ಲೇ ಪಾಠ ಹೇಳುತ್ತಿದ್ದವರು ಅದನ್ನು ಬಿಟ್ಟು ಕ್ಯಾಮರಾ ಹಿಡಿದರು. ಕಪ್ಪು-ಬಿಳುಪು ಮಾತ್ರ ಕಲೆ ಅನ್ನುತ್ತಿದ್ದ ಕಾಲದಲ್ಲಿ ಬಣ್ಣದಲ್ಲೇ ನಿಂತರು. ಗ್ಲೆನ್ ಕ್ಯಾನ್ಯನ್ ಎಂಬ ಕಣಿವೆಯನ್ನು ಅವರು ತೆಗೆದ ಮೇಲೆ, 1963ರಲ್ಲಿ ಅಣೆಕಟ್ಟಿನ ಗೇಟು ಮುಚ್ಚಿ ಅದು ಮುಳುಗಲು ಶುರುವಾಯಿತು. ಅವರ ಫೋಟೋಗಳಲ್ಲಿ ದೊಡ್ಡ ಆಕಾಶ ಕಮ್ಮಿ. ಎದುರು ಗೋಡೆಗೆ ತಾಗಿ ಬಂದ ನೆರಳಿನ ಬೆಳಕು, ಕಲ್ಲು, ನೀರು, ಇಷ್ಟೇ. ನಮ್ಮ ಮಳೆಗಾಲದ ಮೋಡದ ಬೆಳಕಿಗೆ ಆ ಪಾಠ ಚೆನ್ನಾಗಿ ಹೊಂದುತ್ತದೆ.

ಕೋರೆಯ ಹೊರಗೆ ಕೆಂಪು ಕಂಡದ್ದು ಸುರಂಗಗಳಲ್ಲಿ. ಗುಡ್ಡಕ್ಕೆ ಅಡ್ಡವಾಗಿ ಕೊರೆದು ನೀರು ತರುವ ಈ ಸುರಂಗಗಳು ಬಾಯಾರು, ಪೈವಳಿಕೆ ಕಡೆ ತುಂಬಾ ಉಂಟು. ಒಬ್ಬ ಆಳು ಬಗ್ಗಿ ಹೋಗುವಷ್ಟೇ ಅಗಲ. ತೋಡಿ ತೋಡಿ ಕೈ ಪಳಗಿದ ಅಜ್ಜ ಒಬ್ಬರು ಮೇಣದಬತ್ತಿ ಹೊತ್ತಿಸಿ ನನ್ನ ಮುಂದೆ ನಡೆದರು. ‘ಬತ್ತಿ ನಂದಿದರೆ ಗಾಳಿ ಇಲ್ಲ ಅಂತ ಲೆಕ್ಕ ಮಗಾ, ಕೂಡಲೇ ಹಿಂದೆ ತಿರುಗು. ಫೋಟೋ ನಾಳೆಯೂ ಸಿಗ್ತದೆ’ ಅಂದರು. ಗೋಡೆಯಲ್ಲಿ ಪಿಕ್ಕಾಸಿನ ಪೆಟ್ಟು ಒಂದೊಂದೂ ಕಾಣುತ್ತಿತ್ತು, ಅದರ ಮೇಲೆ ನೀರು ಬೆವರಿನ ಹಾಗೆ ಜಿನುಗುತ್ತಿತ್ತು. ಫ್ಲಾಷ್ ಹಾಕಲಿಲ್ಲ. ಬತ್ತಿಯ ಬೆಳಕಿಗೇ ಶಟರ್ ದೀರ್ಘವಾಗಿ ತೆರೆದಿಟ್ಟೆ. ಕೋರೆಯಲ್ಲೂ ಇಲ್ಲೂ ಮನುಷ್ಯ ಕಡಿದ ಕೆಂಪೇ. ಆದರೆ ಇಲ್ಲಿ ಗುಡ್ಡ ಹಾಗೆಯೇ ಉಳಿದಿದೆ. ಈ ಎರಡು ಫೋಟೋಗಳನ್ನು ನಾನು ಯಾವಾಗಲೂ ಪಕ್ಕಪಕ್ಕದಲ್ಲೇ ತೂಗುಹಾಕುತ್ತೇನೆ.

ಬಣ್ಣ ಸೋಲುವ ಜಾಗ ಗೇರುತೋಟ. 1970ರ ದಶಕದ ಕೊನೆಯಿಂದ 2000ದವರೆಗೆ ಇಲ್ಲಿ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ವಿಷಕಾರಿ ಕೀಟನಾಶಕ ಸುರಿದರು. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ದೇಶದಲ್ಲೆಲ್ಲ ನಿಲ್ಲಿಸಿತು. ಆ ವಿಷ ಬಿದ್ದ ಊರುಗಳಲ್ಲೊಂದಾದ ಎಣ್ಮಕಜೆಯ ಗುಡ್ಡದ ಮೇಲೆ ನಿಂತು ತೆಗೆದರೆ ಬರುವುದು ತಂಪು ಹಸಿರು ಮಾತ್ರ. ಜನ ಪಟ್ಟ ಕಷ್ಟದ ಒಂದು ಗುರುತೂ ಅದರಲ್ಲಿಲ್ಲ. ಅಂಥ ಫೋಟೋದ ಕೆಳಗೆ ಈ ಸಂಗತಿ ಬರೆಯದಿದ್ದರೆ ಅದು ಬರೀ ಕ್ಯಾಲೆಂಡರ್ ಚಿತ್ರ ಆಗುತ್ತದೆ.

ಪ್ರಿಂಟನ್ನು ಹತ್ತಿಯ ಕಾಗದದ ಮೇಲೆ ಪಿಗ್ಮೆಂಟ್ ಶಾಯಿಯಲ್ಲಿ ಮಾಡಿಸುತ್ತೇನೆ. ಮ್ಯಾಟ್ ಕಾಗದದಲ್ಲಿ ಕೆಂಪು ಸ್ವಲ್ಪ ಮಂಕಾಗುತ್ತದೆ, ಹೂವಿನ ನೇರಳೆ ನೀಲಿಯತ್ತ ವಾಲುತ್ತದೆ. ಅದಕ್ಕೇ ಸಣ್ಣ ತುಂಡೊಂದನ್ನು ಮೊದಲು ತೆಗೆಸಿ, ಜಗಲಿಯ ಹಗಲು ಬೆಳಕಿನಲ್ಲಿಟ್ಟು ನೋಡಿದ ಮೇಲೆಯೇ ದೊಡ್ಡದಕ್ಕೆ ಹೇಳುವುದು. ಪ್ರಿಂಟಿನ ಹಿಂದೆ ಊರು, ತಿಂಗಳು, ಹೊತ್ತು ಬರೆಯುತ್ತೇನೆ. ಕೋರೆ ಆದರೆ ಕೋರೆ ಅಂತಲೇ ಬರೆಯುತ್ತೇನೆ. ಮಂಗಳೂರಿನಲ್ಲಿ ಒಬ್ಬರು ಹೊಸಮನೆಯ ಹಾಲ್‌ಗೆ ಕೋರೆಯ ಫೋಟೋ ಆರಿಸಿ, ‘ಕೋರೆ ಅನ್ನುವುದು ಬೇಡ, ಕೆಂಪು ಗೋಡೆ ಅಂತ ಹಾಕಿ’ ಅಂದರು. ಆಗುವುದಿಲ್ಲ ಅಂದೆ. ಅವರು ಆಟಿಯ ಪಳ್ಳದ ಫೋಟೋ ಕೊಂಡುಹೋದರು.